ಮನೆಯ ಮೊಲ, ಕಾಡಿನ ಮೊಲ

(ಮಲೆನಾಡಿನ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಸಭೆಗಾಗಿ ಸಿದ್ಧಪಡಿಸಿದ ಉಪನ್ಯಾಸದ ಪಠ್ಯ)



ಕನ್ನಡದಲ್ಲಿ ‘ಮೊಲ’ ಎಂಬುದು ಒಂದೇ ಪದ. ಸಂಜೆಯ ಹೊತ್ತು ಬೇಣದ ಹುಲ್ಲಿನಿಂದ ಚಂಗನೆ ನೆಗೆದು ಮರೆಯಾಗುವ ಕಂದುಬಣ್ಣದ ಪ್ರಾಣಿಯೂ ಮೊಲವೇ. ಜಾತ್ರೆಯ ಬೀದಿಯಲ್ಲಿ ತಂತಿಯ ಗೂಡಿನೊಳಗೆ ಮುದುಡಿ ಕುಳಿತು ಮಾರಾಟಕ್ಕೆ ಬರುವ ಬಿಳಿಯ, ಕೆಂಗಣ್ಣಿನ ಪ್ರಾಣಿಯೂ ಮೊಲವೇ. ಇಂಗ್ಲಿಷಿನಲ್ಲಿ ಮೊದಲನೆಯದು ಹೇರ್, ಎರಡನೆಯದು ರ‍್ಯಾಬಿಟ್. ಚಂದ್ರನ ಮೇಲಿನ ಕಲೆಯನ್ನು ನೋಡಿ ಅವನಿಗೆ ಶಶಾಂಕನೆಂಬ ಹೆಸರಿಟ್ಟ ಪ್ರಾಚೀನರು ಕಂಡಿದ್ದುದು ಕಾಡುಮೊಲವನ್ನು ಮಾತ್ರ. ಇಲ್ಲದ ವಸ್ತುವಿಗೆ ನಿದರ್ಶನವಾಗಿ ತಾರ್ಕಿಕರು ಹೇಳಿದ ‘ಮೊಲದ ಕೊಂಬು’ ಕೂಡ ಆ ಮೊಲದ್ದೇ. ಸಾಕುಮೊಲ ಈ ನೆಲಕ್ಕೆ ಹೊರಗಿನಿಂದ ಬಂದ ಅತಿಥಿ. ಅತಿಥಿಗೂ ಮನೆಯವನಿಗೂ ಒಂದೇ ಹೆಸರು ಅಂಟಿಕೊಂಡದ್ದರಿಂದ ಎರಡೂ ಒಂದೇ ಪ್ರಾಣಿ ಎಂಬ ಭಾವನೆ ಬೇರೂರಿದೆ. ಮಕ್ಕಳು ಹುಲ್ಲಿನಲ್ಲಿ ಸಿಕ್ಕ ಕಾಡುಮೊಲದ ಮರಿಯನ್ನು ಸಾಕಲೆಂದು ಮನೆಗೆ ತರುವುದೂ, ದೊಡ್ಡವರು ಸಾಕಿ ಬೇಸತ್ತ ಮೊಲವನ್ನು ‘ಅದರ ಮನೆಗೆ ಅದು ಹೋಗಲಿ’ ಎಂದು ಕಾಡಿನಂಚಿನಲ್ಲಿ ಬಿಟ್ಟು ಬರುವುದೂ ಈ ಭಾವನೆಯ ಎರಡು ಮುಖಗಳು. ಮೊದಲನೆಯದರಲ್ಲಿ ಮರಿ ಸಾಯುತ್ತದೆ, ಎರಡನೆಯದರಲ್ಲಿ ಸಾಕುಮೊಲ ಸಾಯುತ್ತದೆ.

ಹೀಗಾಗಿ ಸಾಕಣೆಯ ಮಾತಿಗೆ ಮೊದಲು ಗುರುತಿನ ಮಾತು. ಪಶ್ಚಿಮಘಟ್ಟದ ಕಾಡುಮೊಲದ ವೈಜ್ಞಾನಿಕ ನಾಮ ಲೇಪಸ್ ನೈಗ್ರಿಕೊಲಿಸ್. ಕತ್ತಿನ ಹಿಂಭಾಗದ ಕಪ್ಪು ಮಚ್ಚೆಯಿಂದ ಬಂದ ಹೆಸರು. ಸಾಕುಮೊಲವು ಓರಿಕ್ಟೊಲಾಗಸ್ ಕ್ಯುನಿಕ್ಯುಲಸ್. ಅದರ ಪೂರ್ವಜರ ನೆಲೆ ಸ್ಪೇನ್, ಪೋರ್ಚುಗಲ್ ಮತ್ತು ದಕ್ಷಿಣ ಫ್ರಾನ್ಸ್. ಸಾಕುಮೊಲದ ಜೀವಕೋಶದಲ್ಲಿ 44 ವರ್ಣತಂತುಗಳು, ಕಾಡುಮೊಲದ ಕುಲದಲ್ಲಿ 48. ಇವೆರಡರ ನಡುವೆ ಸಂಕರ ಸಂತಾನ ಸಾಧ್ಯವಿಲ್ಲ. ಕಾಡುಮೊಲ ಬಿಲ ತೋಡುವುದಿಲ್ಲ, ಹುಲ್ಲಿನ ಮರೆಯಲ್ಲಿ ನೆಲದ ಮೇಲೆಯೇ ಮರಿ ಹಾಕುತ್ತದೆ; ಆ ಮರಿ ಮೈತುಂಬ ಕೂದಲಿನೊಡನೆ, ಕಣ್ಣು ತೆರೆದುಕೊಂಡೇ ಹುಟ್ಟುತ್ತದೆ. ಸಾಕುಮೊಲದ ಮರಿ ಕೂದಲಿಲ್ಲದೆ, ಕಣ್ಣು ಮುಚ್ಚಿ, ಬೆರಳುದ್ದದ ಮಾಂಸದ ಮುದ್ದೆಯಂತೆ ಹುಟ್ಟುತ್ತದೆ. ಇನ್ನು, ಬಹುಜನ ನಂಬಿರುವಂತೆ ಮೊಲವು ಇಲಿಯ ಗಣಕ್ಕೆ ಸೇರಿದ ಪ್ರಾಣಿಯಲ್ಲ. ಅದರ ಮೇಲ್ದವಡೆಯ ಬಾಚಿಹಲ್ಲುಗಳ ಹಿಂದೆ ಇನ್ನೊಂದು ಜೊತೆ ಪುಟ್ಟ ಹಲ್ಲುಗಳು ಅಡಗಿರುತ್ತವೆ. ಇಲಿ, ಅಳಿಲುಗಳಿಗೆ ಅವು ಇಲ್ಲ.

ಸಾಕುಮೊಲ ಸಾಕುಪ್ರಾಣಿಯಾದುದು ಹೇಗೆ? ಕ್ರಿ.ಶ. 600ರ ಸುಮಾರಿಗೆ ಪೋಪ್ ಒಬ್ಬರು ಮೊಲದ ಮರಿಯನ್ನು ಮೀನಿನ ಸಮಾನವೆಂದು ಸಾರಿದರು, ಅಂದಿನಿಂದ ಫ್ರಾನ್ಸಿನ ಸನ್ಯಾಸಿಗಳು ಉಪವಾಸದ ದಿನಗಳ ಆಹಾರಕ್ಕಾಗಿ ಮೊಲ ಸಾಕತೊಡಗಿದರು ಎಂಬ ಕಥೆ ಬಹುಕಾಲ ಪುಸ್ತಕಗಳಲ್ಲಿತ್ತು. ಅದು ಹಳೆಯ ದಾಖಲೆಯೊಂದನ್ನು ತಪ್ಪಾಗಿ ಓದಿದ್ದರ ಫಲವೆಂದು 2018ರಲ್ಲಿ ಸಂಶೋಧಕರು ತೋರಿಸಿದರು. ಅದೇ ವರ್ಷ ಪ್ರಕಟವಾದ ಇನ್ನೊಂದು ಅಧ್ಯಯನ ಸಾಕುವವರಿಗೆ ಹೆಚ್ಚು ಉಪಯುಕ್ತ. ಕಾಡಿನ ಮೂಲದ ಮತ್ತು ಸಾಕು ತಳಿಯ ರ‍್ಯಾಬಿಟ್‌ಗಳನ್ನು ಒಂದೇ ಬಗೆಯ ವಾತಾವರಣದಲ್ಲಿ ಬೆಳೆಸಿ ಅವುಗಳ ಮೆದುಳನ್ನು ಸ್ಕ್ಯಾನ್ ಮಾಡಿ ನೋಡಿದಾಗ, ಸಾಕು ತಳಿಯಲ್ಲಿ ಭಯವನ್ನು ಹುಟ್ಟಿಸುವ ಭಾಗ ಚಿಕ್ಕದಾಗಿಯೂ, ಭಯವನ್ನು ಹಿಡಿತದಲ್ಲಿಡುವ ಭಾಗ ದೊಡ್ಡದಾಗಿಯೂ ಕಂಡುಬಂದವು. ತಲೆಮಾರುಗಳ ಆಯ್ಕೆಯಿಂದ ಮನುಷ್ಯನು ಮೊಲದಲ್ಲಿ ಕಡಿಮೆ ಮಾಡಿದ್ದು ಮುಖ್ಯವಾಗಿ ಭಯವನ್ನು. ಕಡಿಮೆ ಮಾಡಿದ್ದಾನೆ, ಇಲ್ಲವಾಗಿಸಿಲ್ಲ. ನಾಯಿಮರಿಯನ್ನು ಪಳಗಿಸುವ ರೀತಿ ಮೊಲಕ್ಕೆ ಹೊಂದದಿರುವುದು ಈ ಕಾರಣಕ್ಕೆ. ನಾಯಿ ಬೇಟೆಗಾರ ಕುಲದ ಪ್ರಾಣಿ, ಮೊಲ ಬೇಟೆಗೆ ಬಲಿಯಾಗುವ ಕುಲದ್ದು.

ಮೊಲದ ಕಣ್ಣುಗಳು ತಲೆಯ ಎರಡು ಪಕ್ಕಗಳಲ್ಲಿವೆ. ಹಿಂದೆ, ಮೇಲೆ, ಸುತ್ತಲೂ ಅದಕ್ಕೆ ಕಾಣುತ್ತದೆ; ಮೂಗಿನ ನೇರ ಮುಂದಿನ ಸ್ವಲ್ಪ ಜಾಗ ಮಾತ್ರ ಕಾಣದು. ಮೇಲಿನಿಂದ ಇಳಿದು ಬರುವ ಕೈ ಅದರ ಪಾಲಿಗೆ ಗಿಡುಗನ ಉಗುರು. ಪಳಗಿಸುವವನು ನೆಲದ ಮೇಲೆ ಕುಳಿತು, ಪಕ್ಕದಿಂದ, ತಗ್ಗಿನಲ್ಲಿ ಕೈ ಚಾಚಬೇಕು. ಕೈಯಲ್ಲಿ ಒಂದೆಸಳು ಹುಲ್ಲಿದ್ದರೆ ಸಾಕು. ಮೊದಲ ದಿನಗಳಲ್ಲಿ ಹಿಡಿಯುವ ಯತ್ನವೇ ಬೇಡ. ಅದು ತಾನಾಗಿ ಬಂದು ಮೂಸಲಿ. ವಾರವೋ ಹದಿನೈದು ದಿನವೋ ಆಗಬಹುದು. ಹಣೆಯ ಮೇಲೆ, ಕಿವಿಗಳ ಬುಡದಲ್ಲಿ ಸವರುವುದನ್ನು ಅದು ಬೇಗ ಒಪ್ಪುತ್ತದೆ. ಗದ್ದ, ಹೊಟ್ಟೆ, ಪಾದಗಳನ್ನು ಮುಟ್ಟುವುದನ್ನು ಬಹುತೇಕ ಮೊಲಗಳು ಎಂದೂ ಒಪ್ಪುವುದಿಲ್ಲ. ಹಿಂಗಾಲನ್ನು ನೆಲಕ್ಕೆ ದಡ್ಡನೆ ಬಡಿದರೆ ಅದು ಅಪಾಯದ ಎಚ್ಚರಿಕೆ. ಮೊಲವನ್ನು ಅಂಗಾತ ಮಲಗಿಸಿದರೆ ಅದು ಅಲುಗದೆ ಬಿದ್ದಿರುವುದನ್ನು ಕಂಡು ಮಕ್ಕಳು ‘ನಿದ್ದೆ ಬಂತು’ ಎಂದು ಸಂತೋಷಪಡುವುದುಂಟು. ಅದು ನಿದ್ದೆಯಲ್ಲ. ಹಿಡಿದ ಪ್ರಾಣಿಯ ಬಾಯಲ್ಲಿ ಸತ್ತಂತೆ ನಟಿಸುವ ಕೊನೆಯ ಉಪಾಯ ಅದು. ಎದೆ ಆಗ ಭಯದಿಂದ ಬಡಿಯುತ್ತಿರುತ್ತದೆ.

ಕಿವಿ ಹಿಡಿದು ಎತ್ತುವ ಪದ್ಧತಿ ಸಂತೆಗಳಲ್ಲಿ ಇನ್ನೂ ಕಾಣುತ್ತದೆ. ಅದು ಕ್ರೂರವೂ ಹೌದು, ಅಪಾಯಕಾರಿಯೂ ಹೌದು. ಮೊಲದ ಎಲುಬುಗಳು ಹಗುರ, ಹಿಂಗಾಲಿನ ಸ್ನಾಯುಗಳು ಬಲಿಷ್ಠ. ಆಧಾರವಿಲ್ಲದೆ ಎತ್ತಿದಾಗ ಅದು ಒಮ್ಮೆ ಜೋರಾಗಿ ಒದ್ದರೆ ತನ್ನ ಬೆನ್ನೆಲುಬನ್ನು ತಾನೇ ಮುರಿದುಕೊಳ್ಳಬಲ್ಲದು. ಒಂದು ಕೈ ಎದೆಯ ಕೆಳಗೆ, ಇನ್ನೊಂದು ಹಿಂಭಾಗದ ಕೆಳಗೆ ಇರಲಿ, ಮೈ ಎತ್ತುವವನ ಎದೆಗೆ ಒರಗಿರಲಿ. ಪುಟ್ಟ ಮಕ್ಕಳು ನೆಲದ ಮೇಲೆ ಕುಳಿತೇ ಮುಟ್ಟಬೇಕು.

ಮನೆಯಲ್ಲಿಯೇ ಹುಟ್ಟಿದ ಮರಿಗಳನ್ನು ಪಳಗಿಸುವುದು ಬಹಳ ಸುಲಭ, ಆದರೆ ಅದಕ್ಕೊಂದು ಕಾಲವಿದೆ. ಹುಟ್ಟಿದ ಮೊದಲ ವಾರದಲ್ಲಿ, ತಾಯಿ ಹಾಲೂಡಿಸಿದ ಅರ್ಧ ಗಂಟೆಯೊಳಗೆ ಮರಿಗಳನ್ನು ಕೆಲವು ನಿಮಿಷ ಕೈಯಲ್ಲಿ ಹಿಡಿದರೆ, ಅವು ಬೆಳೆದ ಮೇಲೆ ಮನುಷ್ಯನಿಗೆ ಅಂಜುವುದು ಕಡಿಮೆ ಎಂದು ಹಂಗೇರಿಯ ಸಂಶೋಧಕರು 1990ರ ದಶಕದ ಪ್ರಯೋಗಗಳಲ್ಲಿ ಕಂಡುಕೊಂಡರು. ಬೇರೆ ಹೊತ್ತಿನಲ್ಲಿ ಹಿಡಿದ ಮರಿಗಳಲ್ಲಿ ಅಂಥ ಪರಿಣಾಮ ಕಾಣಲಿಲ್ಲ. ಕಣ್ಣೇ ತೆರೆಯದ ಮರಿ ಮನುಷ್ಯನ ವಾಸನೆಯನ್ನು ಹಾಲುಂಡ ಎಚ್ಚರದೊಡನೆ ಸೇರಿಸಿ ನೆನಪಿಟ್ಟುಕೊಳ್ಳುತ್ತದೆ.

ಈಗ ಗೂಡಿನ ವಿಚಾರ. ಮೊಲಕ್ಕೆ ಚಳಿ ಶತ್ರುವಲ್ಲ, ಸೆಕೆ ಶತ್ರು. ಅದು ಬೆವರಿ ತಂಪಾಗಲಾರದು. ದೇಹದ ಶಾಖವನ್ನು ಮುಖ್ಯವಾಗಿ ಉದ್ದ ಕಿವಿಗಳ ಮೂಲಕ ಹೊರಹಾಕುತ್ತದೆ. ಉಷ್ಣತೆ 30 ಡಿಗ್ರಿ ದಾಟಿದರೆ ಬಳಲುತ್ತದೆ, ಗಂಡುಗಳು ಕೆಲಕಾಲ ಸಂತಾನಶಕ್ತಿಯನ್ನೂ ಕಳೆದುಕೊಳ್ಳುತ್ತವೆ. ಕೇಂದ್ರೀಯ ಕುರಿ ಮತ್ತು ಉಣ್ಣೆ ಸಂಶೋಧನಾ ಸಂಸ್ಥೆಯು ಮೊಲಗಳ ಕೆಲಸಕ್ಕೆ ಕೊಡೈಕೆನಾಲ್ ಬೆಟ್ಟದ ಮನ್ನವನೂರು ಮತ್ತು ಕುಲ್ಲು ಪ್ರದೇಶದ ಗರ್ಸಾದಂಥ ತಂಪು ತಾಣಗಳಲ್ಲಿ ಕೇಂದ್ರಗಳನ್ನಿಟ್ಟುಕೊಂಡಿರುವುದು ಗಮನಾರ್ಹ. ಆ ಲೆಕ್ಕದಲ್ಲಿ ಮಲೆನಾಡು ಒಳ್ಳೆಯ ನೆಲೆ. ಆದರೆ ಇಲ್ಲಿ ಸೆಕೆಯ ಬದಲು ಥಂಡಿ ಇದೆ. ಆರಿದ್ರೆಯಿಂದ ಆಶ್ಲೇಷೆಯವರೆಗೆ ಸುರಿಯುವ ಮಳೆಯಲ್ಲಿ ನೆಲಕ್ಕೆ ತಾಗಿದ ಗೂಡು ಒಣಗುವುದೇ ಇಲ್ಲ. ತೊಯ್ದ ಹಿಕ್ಕೆ, ಮೂತ್ರಗಳಿಂದ ಅಮೋನಿಯ ಎದ್ದು ಶ್ವಾಸನಾಳವನ್ನು ಕೆರಳಿಸುತ್ತದೆ. ಸೀನು, ಮೂಗು ಸುರಿಯುವ ರೋಗ, ಮೂತಿ ಮತ್ತು ಕಿವಿಯ ಕಜ್ಜಿ, ಎಳೆಯ ಮರಿಗಳನ್ನು ಸಾಲಾಗಿ ಕೊಲ್ಲುವ ರಕ್ತಭೇದಿ ಇವೆಲ್ಲ ಕೊಳೆ ಮತ್ತು ತೇವದ ಬೆನ್ನು ಹಿಡಿದು ಬರುವಂಥವು. ಗೂಡು ನೆಲದಿಂದ ಮೂರಡಿ ಎತ್ತರದಲ್ಲಿರಲಿ, ಮಳೆಯ ಎರಚಲು ಬೀಳದ ಆದರೆ ಗಾಳಿ ಆಡುವ ಕಡೆ ಇರಲಿ. ನಾಲ್ಕೂ ಕಡೆ ಪ್ಲಾಸ್ಟಿಕ್ ಹೊದಿಸಿ ಗಾಳಿಯನ್ನೇ ತಡೆಯುವ ಪದ್ಧತಿ ಮಳೆಗಿಂತ ಕೇಡು. ತಂತಿಯ ತಳದ ಮೇಲೆ ಸದಾ ನಿಂತರೆ ಅಂಗಾಲು ಹುಣ್ಣಾಗುತ್ತದೆ. ಕುಳಿತುಕೊಳ್ಳಲು ಒಂದು ಒಣ ಹಲಗೆ ಬೇಕು.

ಗೂಡು ಭದ್ರವಾಗಿರಬೇಕೆಂಬುದಕ್ಕೆ ಇನ್ನೊಂದು ಕಾರಣವಿದೆ. ಮೊಲದ ವಾಸನೆ ಹೆಬ್ಬಾವು, ನಾಗರ, ಮುಂಗುಸಿ, ಪುನುಗು, ಕಾಡುಬೆಕ್ಕುಗಳನ್ನು ಅಂಗಳಕ್ಕೆ ಕರೆಯುತ್ತದೆ. ಸಡಿಲ ಬಾಗಿಲಿನ ಗೂಡಿಗೆ ನುಗ್ಗಿ ಮೊಲ ನುಂಗಿದ ಹೆಬ್ಬಾವು ಉಬ್ಬಿದ ಹೊಟ್ಟೆಯಿಂದ ಅದೇ ಗೂಡಿನೊಳಗೆ ಸಿಕ್ಕಿಕೊಳ್ಳುತ್ತದೆ, ಜನ ಅದನ್ನು ಹೊಡೆಯುತ್ತಾರೆ. ತಪ್ಪು ಹಾವಿನದಲ್ಲ, ಅಗುಳಿಯದು. ಬೆರಳು ತೂರದಷ್ಟು ಸಣ್ಣ ಕಣ್ಣಿನ ಜಾಲರಿ, ಗಟ್ಟಿ ಅಗುಳಿ ಇದ್ದರೆ ಮೊಲವೂ ಉಳಿಯುತ್ತದೆ, ಹಾವೂ ಉಳಿಯುತ್ತದೆ. ಗೂಡಿನ ಕಾಲುಗಳನ್ನು ನೀರು ತುಂಬಿದ ಕರಟ ಅಥವಾ ಡಬ್ಬಿಗಳಲ್ಲಿ ನಿಲ್ಲಿಸುವುದು ಇರುವೆಗಳಿಗೆ ತಡೆ. ಎಳೆಮರಿಗಳಿಗೆ ಇರುವೆ ಎಂಥ ಗಂಡಾಂತರವೆಂದು ಒಮ್ಮೆ ಕಂಡವರಿಗೆ ಹೇಳಬೇಕಾಗಿಲ್ಲ.

ಆಹಾರದ ವಿಷಯದಲ್ಲಿ ಚಿತ್ರಪುಸ್ತಕಗಳು ದೊಡ್ಡ ತಪ್ಪು ತಿಳಿವಳಿಕೆಯನ್ನು ಹರಡಿವೆ. ಚಿತ್ರದ ಮೊಲ ಗಜ್ಜರಿ ತಿನ್ನುತ್ತದೆ. ಮನೆಯ ಮೊಲಕ್ಕೆ ಬೇಕಾದುದು ಹುಲ್ಲು. ಅದರ ಹಲ್ಲುಗಳು ಜೀವನಪರ್ಯಂತ ಬೆಳೆಯುತ್ತಲೇ ಇರುತ್ತವೆ, ನಾರು ಅಗಿದಾಗ ಮಾತ್ರ ಸವೆಯುತ್ತವೆ. ಗಜ್ಜರಿ, ಬಾಳೆಹಣ್ಣು, ಬಿಸ್ಕತ್ತುಗಳ ಸಿಹಿ ಕರುಳಿನ ಸೂಕ್ಷ್ಮಜೀವಿಗಳ ಸಮತೋಲವನ್ನು ಕೆಡಿಸುತ್ತದೆ. ಮೊಲವು ಮುಂಜಾವದಲ್ಲಿ ಬಾಗಿ ತನ್ನದೇ ಮೃದು ಹಿಕ್ಕೆಯನ್ನು ನೇರವಾಗಿ ಬಾಯಿಗೆ ತೆಗೆದುಕೊಳ್ಳುವುದನ್ನು ಕಂಡು ಹೇಸುವವರಿದ್ದಾರೆ. ಹಸು ಮೆಲುಕು ಹಾಕುವಂತೆಯೇ ಅದು. ಮೊದಲ ಸುತ್ತಿನಲ್ಲಿ ಕೈತಪ್ಪಿದ ಸಸಾರಜನಕ, ಬಿ ಜೀವಸತ್ವಗಳನ್ನು ಎರಡನೆಯ ಸುತ್ತಿನಲ್ಲಿ ಪಡೆಯುವ ವ್ಯವಸ್ಥೆ. ಅದನ್ನು ತಡೆಯಬಾರದು.

ಮಲೆನಾಡಿನಲ್ಲಿ ಮೇವಿಗೆ ಬರವಿಲ್ಲ. ಗಿನಿ ಹುಲ್ಲು, ನೇಪಿಯರ್, ಹಲಸಿನ ಎಲೆ, ಮೆಣಸಿನ ಬಳ್ಳಿಗೆ ಆಸರೆಯಾದ ಹಾಲುವಾಣದ ಸೊಪ್ಪು ಇವೆಲ್ಲ ಒಳ್ಳೆಯವು. ಮಳೆಯಲ್ಲಿ ನೆನೆದ ಹುಲ್ಲನ್ನು ಹಾಗೆಯೇ ಹಾಕದೆ, ನೆರಳಿನಲ್ಲಿ ಬಾಡಿಸಿ, ಕಟ್ಟು ಕಟ್ಟಿ ತೂಗುಹಾಕಬೇಕು. ನೆಲಕ್ಕೆ ಬಿದ್ದು ಹಿಕ್ಕೆ ತಾಗಿದ ಮೇವು ರೋಗದ ಮೂಲ. ಲಂಟಾನ, ಕಣಗಿಲೆ, ಬೆಣ್ಣೆಹಣ್ಣಿನ ಎಲೆಗಳು ವಿಷ. ಅಡಿಕೆಗೆ ಮೈಲುತುತ್ತದ ಸಿಂಪರಣೆಯಾದ ಮೇಲೆ ಆ ತೋಟದ ಹುಲ್ಲನ್ನು ಕೊಯ್ದು ತರುವವರು ಮರೆಯುವ ಸಂಗತಿಯೊಂದಿದೆ: ಮರದಿಂದ ತೊಟ್ಟಿಕ್ಕಿದ ತಾಮ್ರವೆಲ್ಲ ಆ ಹುಲ್ಲಿನ ಮೇಲೆಯೇ ಕುಳಿತಿರುತ್ತದೆ. ಹಿಂಡಿ, ಬೂಸಾ ಅಲ್ಪ ಪ್ರಮಾಣದಲ್ಲಿ ಸಾಕು. ಬೂಷ್ಟು ಹಿಡಿದ ಶೇಂಗಾ ಹಿಂಡಿಯಂತೂ ಸರ್ವಥಾ ಬೇಡ. ಶುದ್ಧ ನೀರು ಹಗಲಿರುಳೂ ಇರಬೇಕು. ಮೊಲಕ್ಕೆ ನೀರು ಬೇಡವೆಂಬ ಮಾತು ಎಲ್ಲಿಂದ ಹುಟ್ಟಿತೋ, ಹಾಲೂಡಿಸುವ ಎಷ್ಟೋ ತಾಯಿಗಳನ್ನು ಅದು ಬಾಯಾರಿಸಿದೆ. ಮೊಲ ಅರ್ಧ ದಿನ ಏನನ್ನೂ ತಿನ್ನದೆ, ಹಿಕ್ಕೆ ಹಾಕದೆ ಕುಳಿತರೆ ಅದು ನಾಳೆಗೆ ಕಾಯುವ ಕಾಯಿಲೆಯಲ್ಲ. ಪಶುವೈದ್ಯರನ್ನು ಅಂದೇ ಕಾಣಬೇಕು. ಮನೆಯಲ್ಲಿ ಉಳಿದ ಅಮಾಕ್ಸಿಸಿಲಿನ್‌ನಂಥ ಮಾತ್ರೆಯನ್ನು ಬಾಯಿಗೆ ಹಾಕಿದರೆ ಕರುಳಿನ ಸೂಕ್ಷ್ಮಜೀವಿಗಳೇ ನಾಶವಾಗಿ ಮೊಲ ಸಾಯಬಹುದು.

ಮರಿ ಮಾಡಿಸುವುದನ್ನು ಕುರಿತು ಜನ ಕೇಳುವುದು ‘ಹೇಗೆ’ ಎಂದು. ಕೇಳಬೇಕಾದುದು ‘ಎಷ್ಟು’ ಎಂದು. ಹೆಣ್ಣು ಮೊಲಕ್ಕೆ ಹಸುವಿನಂತೆ ಬೆದೆಯ ನಿಶ್ಚಿತ ದಿನಗಳಿಲ್ಲ. ಕೂಡಿದ ನಂತರ ಸುಮಾರು ಹತ್ತು ಗಂಟೆಗಳಲ್ಲಿ ಅಂಡ ಬಿಡುಗಡೆಯಾಗುತ್ತದೆ. ಮಧ್ಯಮ ಗಾತ್ರದ ತಳಿಗಳಲ್ಲಿ ಐದಾರು ತಿಂಗಳು ತುಂಬಿದ ಮೇಲೆ ಹೆಣ್ಣನ್ನು ಗಂಡಿನ ಗೂಡಿಗೆ ಒಯ್ಯಬೇಕು. ಗಂಡನ್ನು ಹೆಣ್ಣಿನ ಗೂಡಿಗೆ ಬಿಟ್ಟರೆ ಹೆಣ್ಣು ತನ್ನ ನೆಲೆಯನ್ನು ಕಾಯಲು ಕಚ್ಚಾಡುತ್ತದೆ. ಕೂಡುವಿಕೆ ಕೆಲವೇ ನಿಮಿಷಗಳಲ್ಲಿ ಮುಗಿದು ಗಂಡು ಪಕ್ಕಕ್ಕೆ ಉರುಳಿಬೀಳುತ್ತದೆ. ಒಡನೆಯೇ ಹೆಣ್ಣನ್ನು ಅದರ ಗೂಡಿಗೆ ಮರಳಿಸಿ, ತಾರೀಖನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಬೇಕು. ಗರ್ಭಕಾಲ 30ರಿಂದ 32 ದಿನ. 28ನೆಯ ದಿನ ಒಂದೂವರೆ ಅಡಿ ಉದ್ದ, ಒಂದಡಿ ಅಗಲದ ಪೆಟ್ಟಿಗೆಯಲ್ಲಿ ಒಣಹುಲ್ಲು ಹಾಸಿ ಗೂಡಿನೊಳಗಿಡಬೇಕು. ತಾಯಿ ಬಾಯಲ್ಲಿ ಹುಲ್ಲು ಕಚ್ಚಿ ಓಡಾಡತೊಡಗಿದರೆ, ತನ್ನ ಎದೆ ಹೊಟ್ಟೆಗಳ ತುಪ್ಪಳವನ್ನು ತಾನೇ ಕಿತ್ತು ಹಾಸತೊಡಗಿದರೆ ಹೆರಿಗೆ ಸಮೀಪಿಸಿದೆ ಎಂದರ್ಥ. ಸಾಮಾನ್ಯವಾಗಿ ರಾತ್ರಿ ಅಥವಾ ನಸುಕಿನಲ್ಲಿ ಆರೆಂಟು ಮರಿಗಳು ಹುಟ್ಟುತ್ತವೆ.

ಅನನುಭವಿಗಳ ಮನೆಯಲ್ಲಿ ಮರಿಗಳು ಸಾಯುವುದು ಇದರ ಮುಂದಿನ ಮೂರು ನಾಲ್ಕು ದಿನಗಳಲ್ಲಿ, ಅದೂ ಬಹುಪಾಲು ಮಮತೆಯಿಂದ. ಹಗಲಿಡೀ ತಾಯಿ ಮರಿಗಳ ಹತ್ತಿರ ಸುಳಿಯುವುದಿಲ್ಲ. ‘ತಾಯಿ ಕೈಬಿಟ್ಟಿದೆ’ ಎಂದು ಮನೆಯವರು ಮರಿಗಳನ್ನು ಹೊರತೆಗೆದು ಹಸುವಿನ ಹಾಲು ಹನಿಸುತ್ತಾರೆ. ಹಾಲು ಶ್ವಾಸಕೋಶಕ್ಕೆ ಇಳಿದು ಮರಿ ಸಾಯುತ್ತದೆ. ನಿಜವೇನೆಂದರೆ ಮೊಲದ ತಾಯಿ ದಿನಕ್ಕೆ ಸಾಮಾನ್ಯವಾಗಿ ಒಂದೇ ಸಲ, ಮೂರರಿಂದ ಐದು ನಿಮಿಷ ಮಾತ್ರ ಹಾಲೂಡಿಸುತ್ತದೆ. ಬಿಲದ ಬಳಿ ಹೆಚ್ಚು ಹೊತ್ತು ನಿಂತರೆ ಶತ್ರುವಿಗೆ ದಾರಿ ತೋರಿಸಿದಂತಾಗುತ್ತದೆ ಎಂಬುದು ಅದರ ರಕ್ತಗತ ಜ್ಞಾನ. ಹಾಲು ಬಹಳ ಗಟ್ಟಿ, ಅಷ್ಟೇ ಸಾಕು. ಹೊಟ್ಟೆ ಗುಂಡಗಿದ್ದು, ಮೈ ಬೆಚ್ಚಗಿದ್ದರೆ ಮರಿ ಕ್ಷೇಮ. ಹೊಟ್ಟೆ ಸುಕ್ಕುಗಟ್ಟಿ, ಮರಿ ಅತ್ತಿತ್ತ ಹೊರಳುತ್ತಿದ್ದರೆ ಮಾತ್ರ ಚಿಂತಿಸಬೇಕು. ಆಗಲೂ ಅದೇ ದಿನಗಳಲ್ಲಿ ಹೆತ್ತ ಇನ್ನೊಂದು ತಾಯಿಯ ಪೆಟ್ಟಿಗೆಗೆ ಸೇರಿಸುವುದೇ ಉತ್ತಮ. ದಿನಕ್ಕೊಮ್ಮೆ ಪೆಟ್ಟಿಗೆ ನೋಡಿ ಸತ್ತ ಮರಿ ಇದ್ದರೆ ತೆಗೆಯಬೇಕು. ಹತ್ತು ಹನ್ನೆರಡನೆಯ ದಿನ ಕಣ್ಣು ತೆರೆಯುತ್ತವೆ, ಮೂರನೆಯ ವಾರದಲ್ಲಿ ಹೊರಬಂದು ಹುಲ್ಲು ಮೆಲ್ಲುತ್ತವೆ, ಐದಾರು ವಾರಗಳಲ್ಲಿ ತಾಯಿಯಿಂದ ಬೇರೆಯಾಗುತ್ತವೆ. ಮೂರು ತಿಂಗಳೊಳಗೆ ಗಂಡು ಹೆಣ್ಣುಗಳನ್ನು ಪ್ರತ್ಯೇಕಿಸದಿದ್ದರೆ ಒಡಹುಟ್ಟಿದವುಗಳೇ ಕೂಡುತ್ತವೆ.

ಎಷ್ಟು ಎಂಬ ಪ್ರಶ್ನೆಗೆ ಬರೋಣ. ಹೆತ್ತ ದಿನವೇ ಹೆಣ್ಣು ಮತ್ತೆ ಗರ್ಭ ಧರಿಸಬಲ್ಲದು. ಮಿತವಾಗಿ, ವರ್ಷಕ್ಕೆ ನಾಲ್ಕೇ ಸೂಲು, ಸೂಲಿಗೆ ಆರೇ ಮರಿ ಎಂದಿಟ್ಟರೂ ಒಂದು ಹೆಣ್ಣಿನಿಂದ 24 ಮರಿ. ಅವುಗಳಲ್ಲಿ ಅರ್ಧ ಹೆಣ್ಣು. ಅವೂ ಆರು ತಿಂಗಳಲ್ಲಿ ತಾಯಿಯಾಗಲು ಸಿದ್ಧ. ಒಂದು ಮೊಲ ಸಾಕುವವನಿಗೆ ಒಂದು ಗೂಡು, ಒಂದು ಜೋಡಿಯನ್ನು ಒಟ್ಟಿಗೆ ಬಿಟ್ಟವನಿಗೆ ಒಂದು ವರ್ಷದಲ್ಲಿ ಒಂದು ಕೊಟ್ಟಿಗೆ ಬೇಕು. ಮಾಂಸಕ್ಕಾಗಿ, ಮಾರಾಟಕ್ಕಾಗಿ ಸಾಕುವವರದು ಬೇರೆ ಲೆಕ್ಕ. ಅವರಿಗೂ ಒಂದು ಎಚ್ಚರಿಕೆ ಸಲ್ಲುತ್ತದೆ. ಮರಿ ಮಾರಿ ‘ಬೆಳೆದ ಮೇಲೆ ನಾವೇ ಕೊಳ್ಳುತ್ತೇವೆ’ ಎನ್ನುವವರ ಮಾತು ನಂಬಿ ಗೂಡು ಕಟ್ಟುವ ಮೊದಲು, ಹತ್ತಿರದ ಪೇಟೆಯಲ್ಲಿ ನಿಜವಾಗಿ ಕೊಳ್ಳುವವರು ಯಾರೆಂದು ನೋಡಿಕೊಳ್ಳಬೇಕು. ಮನೆಯ ಪ್ರೀತಿಗಾಗಿ ಸಾಕುವವರಿಗೆ ಉತ್ತಮ ಮಾರ್ಗ ಎರಡು ಹೆಣ್ಣುಗಳನ್ನು ಚಿಕ್ಕಂದಿನಿಂದ ಒಟ್ಟಿಗೆ ಬೆಳೆಸುವುದು, ಅಥವಾ ಅನುಭವಿ ಪಶುವೈದ್ಯರಿಂದ ಗಂಡಿಗೆ ಸಂತಾನಹರಣ ಚಿಕಿತ್ಸೆ ಮಾಡಿಸುವುದು. ಪ್ರತಿ ಸೂಲಿಗೆ ಮೊದಲು ಆ ಮರಿಗಳನ್ನು ಒಯ್ಯುವ ಮನೆಗಳ ಹೆಸರು ಕೈಯಲ್ಲಿರಬೇಕು. ಹೆಸರಿಲ್ಲದಿದ್ದರೆ ಸೂಲು ಬೇಡ.

ಹೆಚ್ಚಾದ ಮೊಲಗಳಿಗೆ ಕಾಡು ಪರಿಹಾರವಲ್ಲ. 1859ರಲ್ಲಿ ಆಸ್ಟ್ರೇಲಿಯದ ವಿಕ್ಟೋರಿಯ ಪ್ರಾಂತದಲ್ಲಿ ಥಾಮಸ್ ಆಸ್ಟಿನ್ ಎಂಬ ಜಮೀನುದಾರನು ಬೇಟೆಯ ವಿನೋದಕ್ಕಾಗಿ ಇಂಗ್ಲೆಂಡಿನಿಂದ 24 ಮೊಲಗಳನ್ನು ತರಿಸಿದನು. ಆ ಖಂಡದ ಮೊಲದ ಹಾವಳಿಯ ಮೂಲ ಬಹುಮಟ್ಟಿಗೆ ಆ ಒಂದು ತಂಡವೇ ಎಂದು 2022ರಲ್ಲಿ ವಂಶವಾಹಿ ಅಧ್ಯಯನ ದೃಢಪಡಿಸಿತು. ಪಶ್ಚಿಮ ಆಸ್ಟ್ರೇಲಿಯದಲ್ಲಿ 1901ರಿಂದ 1907ರವರೆಗೆ ಮೂರು ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ಬೇಲಿ ಹಾಕಿದರು, ಮೊಲಗಳು ದಾಟಿದವು. 1950ರಲ್ಲಿ ರೋಗಾಣುವನ್ನೇ ಬಿಟ್ಟರು. ಅಸಂಖ್ಯ ಸತ್ತವು, ಉಳಿದವು ರೋಗನಿರೋಧವನ್ನು ಬೆಳೆಸಿಕೊಂಡವು. ಸಹ್ಯಾದ್ರಿಯ ಮಳೆಕಾಡು ಆಸ್ಟ್ರೇಲಿಯವಲ್ಲ, ಇಲ್ಲಿ ಬಿಟ್ಟ ಬಿಳಿಮೊಲ ನಾಯಿಯ ಅಥವಾ ಕಾಡುಬೆಕ್ಕಿನ ಬಾಯಿಗೆ ಬೀಳುವುದೇ ಹೆಚ್ಚು ಎಂಬುದು ನಿಜ. ಆದರೆ ಅದು ಬಿಟ್ಟವನ ಸಮರ್ಥನೆಯಾಗಲಾರದು. ಭಯವನ್ನು ತಲೆಮಾರುಗಳಿಂದ ಕಳೆದು, ಬಣ್ಣವನ್ನು ಬಿಳಿಯಾಗಿಸಿ, ಬಿಲದ ದಾರಿಯನ್ನು ಮರೆಸಿದ ಪ್ರಾಣಿಯನ್ನು ಕತ್ತಲೆಯಲ್ಲಿ ಬಿಟ್ಟು ಬರುವುದಕ್ಕೆ ಬಿಡುಗಡೆ ಎಂಬ ಹೆಸರು ಹೊಂದದು.

ಕೊನೆಯದಾಗಿ ಕಾಡುಮೊಲದ ಮರಿಯ ವಿಷಯ. ಇದು ವಿಶೇಷವಾಗಿ ವಿದ್ಯಾರ್ಥಿಗಳಿಗೆ. ಹುಲ್ಲು ಕೊಯ್ಯುವಾಗ, ದನ ಮೇಯಿಸುವಾಗ ಒಂಟಿ ಮರಿಯೊಂದು ಅಲುಗದೆ ಕುಳಿತಿರುವುದು ಕಂಡರೆ ಅದು ಅನಾಥವಲ್ಲ. ತಾಯಿ ಅದನ್ನು ಅಲ್ಲಿರಿಸಿ ದೂರವಿದ್ದು, ಕತ್ತಲಾಗುವ ಹೊತ್ತಿಗೆ ಬಂದು ಹಾಲೂಡಿಸಿ ಹೋಗುತ್ತದೆ. ಮನೆಗೆ ತಂದ ಮರಿ ಸಾಕುಮೊಲದ ಮರಿಯಂತೆ ಪಳಗುವುದಿಲ್ಲ; ಬಹುತೇಕ ಕೆಲವೇ ದಿನಗಳಲ್ಲಿ ಸಾಯುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದನ್ನು ಹಿಡಿದಿಟ್ಟುಕೊಳ್ಳುವುದು ಅಪರಾಧವೂ ಹೌದು. ಈಗಾಗಲೇ ಯಾರಾದರೂ ತಂದಿದ್ದರೆ, ಆ ದಿನ ಸಂಜೆಯೊಳಗೆ, ಸಿಕ್ಕಿದ ಜಾಗದಲ್ಲಿಯೇ, ಅದೇ ಹುಲ್ಲಿನ ಮರೆಯಲ್ಲಿ ಇಟ್ಟು, ನಾಯಿಗಳನ್ನು ಕರೆದುಕೊಂಡು ಹಿಂದಿರುಗಬೇಕು. ಮನುಷ್ಯನ ಕೈ ತಾಗಿತೆಂದು ತಾಯಿ ಮರಿಯನ್ನು ತೊರೆಯುವುದಿಲ್ಲ. ಗಾಯವಾಗಿದ್ದರೆ ಮಾತ್ರ ಅರಣ್ಯ ಇಲಾಖೆಗೆ ತಿಳಿಸಬೇಕು. ಕಾದು ನೋಡುವ ಆಸೆಯಿಂದ ಹತ್ತಿರ ನಿಲ್ಲುವುದು ಬೇಡ. ಜನರಿರುವವರೆಗೆ ತಾಯಿ ಬರುವುದಿಲ್ಲ.